ಎಂಟು ಕೊಡ ಸಿಹಿನೀರು

ತದಡಿ ಬಂದರು
೩-೮-೧೯೭೬

ಗೆಳೆಯ ಮೈಬೂಬನಿಗೆ,

ಒಂದೂವರೆ ವರ್ಷದ ಮೇಲೆ ಕಾಗದ ಹಾಕುತ್ತಿದ್ದೇನೆ. ಮೊದಲು ನನ್ನನ್ನು ಹೊಟ್ಟೆ ತುಂಬ ಬೈದುಕೋ, ಆಮೇಲೆ ಮುಂದಿನದನ್ನು ಓದು.

ಬೈದೆಯಾ? ಸರಿ. ಇಲ್ಲಿ ಮಳೆ ಹಿಡಿದು ಎರಡು ತಿಂಗಳಾಯಿತು. ದೋಣಿಗಳೆಲ್ಲ ದಂಡೆ ಹತ್ತಿ ಕೂತಿವೆ. ಮೀನಿಲ್ಲದಿದ್ದರೆ ಐಸಿಗೇನು ಕೆಲಸ? ಐಸ್ ಕಾರ್ಖಾನೆಯ ಎಂಜಿನ್ನಿಗೆ ಗ್ರೀಸು ಹಚ್ಚುವುದು, ಒರೆಸುವುದು, ಇಷ್ಟೇ ನನ್ನ ಕೆಲಸ. ಇಂಡಿಯಲ್ಲಿ ನಿಮ್ಮಪ್ಪನ ಗ್ಯಾರೇಜಿನಲ್ಲಿ ನಾವಿಬ್ಬರೂ ಪಂಪಿನ ಎಂಜಿನ್ ಬಿಚ್ಚಿ ಕಟ್ಟುವಾಗ ಒಂದು ದಿನವೂ ಹೀಗೆ ಖಾಲಿ ಕೂತ ನೆನಪಿಲ್ಲ.

ಅದಕ್ಕೇ ಒಂದು ಹುಚ್ಚು ತಲೆಗೆ ಹತ್ತಿದೆ. ನಾನು ಊಟ ಮಾಡುವ ಮನೆಯ ಯಜಮಾನ ಜಟ್ಟಿ, ಮೀನುಗಾರ ಹರಿಕಂತ್ರರವನು, ಇಪ್ಪತ್ತು ವರ್ಷ ಬೇರೆಯವರ ಬೋಟಿನಲ್ಲಿ ದುಡಿದಿದ್ದಾನೆ. ಇಲ್ಲೊಂದು ಹಳೇ ಮೀನಿನ ಬೋಟು ಮಾರಾಟಕ್ಕಿದೆ. ಮೂವತ್ತಡಿ ಉದ್ದ, ದಂಡೆ ಕಾಣದಷ್ಟು ದೂರ ಹೋಗಬಲ್ಲದು. ಇಬ್ಬರೂ ಸೇರಿ ಕೊಳ್ಳೋಣ ಎನ್ನುತ್ತಾನೆ. ಅವನು ಆ ಬೋಟನ್ನು ಪರೀಕ್ಷೆ ಮಾಡಿದ್ದನ್ನು ನೀನು ನೋಡಬೇಕಿತ್ತು. ಒಂದೊಂದು ಹಲಗೆಗೂ ಬೆರಳ ಗೆಣ್ಣಿನಿಂದ ಬಡಿದು ಕಿವಿಯಿಟ್ಟು ಕೇಳಿದ, ನಿಮ್ಮಪ್ಪ ಬೇರಿಂಗಿನ ಸದ್ದು ಕೇಳುವ ಹಾಗೆ. ಎರಡು ಹಲಗೆ ಬದಲಿಸಿದರೆ ಸಾಕು, ಎಲುಬು ಗಟ್ಟಿ ಎಂದ.

ಎಂಜಿನ್ ಮಾತ್ರ ಇಲ್ಲ, ನಾವೇ ಹುಡುಕಬೇಕು. ಬೋಟಿನ ಹೊಟ್ಟೆಯಲ್ಲಿ ಕೂರಿಸುವ ಡೀಸೆಲ್ ಎಂಜಿನ್ನಲ್ಲ; ಹಿಂದಿನ ಹಲಗೆಗೆ ಬಿಗಿದು ನೀರಿಗೆ ಇಳಿಬಿಡುವಂಥದ್ದು. ಔಟ್‌ಬೋರ್ಡ್ ಎನ್ನುತ್ತಾರೆ. ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆಎಣ್ಣೆಯಲ್ಲಿ ನಡೆಸುವುದು. ಒಂದು ದೊಡ್ಡದು ತರಬೇಕೋ, ಎರಡು ಸಣ್ಣವೋ? ಜಟ್ಟಿ ಒಂದೇ ದೊಡ್ಡದಿರಲಿ ಎನ್ನುತ್ತಾನೆ, ಓಟ ಜಾಸ್ತಿ. ಆದರೆ ತೀರ್ಮಾನ ನನಗೇ ಬಿಟ್ಟಿದ್ದಾನೆ. "ಸಮುದ್ರ ನಂದು, ಎಂಜಿನ್ ನಿಂದು ಮಾರಾಯ" ಎಂದ. ನಾನು ನಿನಗೆ ಬಿಡುತ್ತಿದ್ದೇನೆ. ಉತ್ತರ ಬರೆದರೆ ಅವನಿಗೂ ಓದಿ ಹೇಳುತ್ತೇನೆ. ಅವನಿಗೆ ಅಕ್ಷರ ಬರುವುದಿಲ್ಲ.

ನಮ್ಮೂರು ಹೊರ್ತಿಗೆ ಹೋದರೆ ನಮ್ಮವ್ವನ ಮುಂದೆ ದೋಣಿ ಎನ್ನು, ಮೀನು ಎನ್ನಬೇಡ; ಲಿಂಗ ಕಟ್ಟಿದವಳು.

ನಿನ್ನ
ರಾಚಪ್ಪ


ಇಂಡಿ
೧೬-೮-೧೯೭೬

ಲೇ ಸಮುದ್ರದ ರಾಚಪ್ಪ,

ಬೈದಾಯಿತು. ಅಬಿದಾಳೂ ಬೈದಳು. ನಮ್ಮ ನಿಕಾಹದಲ್ಲಿ ಪಂಕ್ತಿ ತುಂಬ ಓಡಾಡಿದವನು ಆಮೇಲೆ ಮುಖ ತೋರಿಸಿಲ್ಲ, ಬೈಯದೆ ಇನ್ನೇನು ಮಾಡುತ್ತಾಳೆ?

ಅಪ್ಪನಿಗೆ ನಿನ್ನ ಕಾಗದ ಓದಿ ಹೇಳಿದೆ. ನಿನಗೆ ಇವತ್ತಿಗೂ ಅವರು ಉಸ್ತಾದರೇ ತಾನೆ? ಕಣ್ಣಿಗೆ ಪೊರೆ ಬಂದಿದೆ. ಆದರೂ ಗ್ಯಾರೇಜಿನ ಬಾಗಿಲಲ್ಲಿ ಕೂತು ಬರೀ ಸದ್ದಿನ ಮೇಲೆಯೇ ನನ್ನ ತಪ್ಪು ಹಿಡಿಯುತ್ತಾರೆ. "ಹೊರ್ತಿ ರಾಚ್ಯಾ ಸಮುದ್ರಕ್ಕ ಇಳದಾನ? ಅವಂಗ ಈಜಾಕರ ಬರತೈತೇನು?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಎರಡು ತಗೊ ಅನ್ನು. ಬಾವ್ಯಾಗ ಎಂಜಿನ್ ಕೈಕೊಟ್ಟರ ದಂಡಿ ಮ್ಯಾಲೆ ಕುಂತು ಬೀಡಿ ಸೇದಬಹುದು. ಅಲ್ಲಿ ಎಲ್ಲಿ ಕುಂಡರತಾನ?" ಎಂದರು.

ಹಾಗಾಗಿ ಎರಡು. ಒಂದೇ ಕಂಪನಿಯವು, ಒಂದೇ ಅಳತೆಯವು. ಒಂದರ ಸಾಮಾನು ಇನ್ನೊಂದಕ್ಕೆ ಬರಬೇಕು. ಒಂದು ನಿಂತರೆ ಇನ್ನೊಂದು ನಿಮ್ಮನ್ನು ಮನೆ ಮುಟ್ಟಿಸುತ್ತದೆ. ಜಟ್ಟಿಗೆ ಹೇಳು, ಓಟ ಆಮೇಲೆ, ವಾಪಸು ಬರುವುದು ಮೊದಲು.

ಸೊಲ್ಲಾಪುರದ ಹಳೇ ಸಾಮಾನಿನ ಪೇಟೆಯಲ್ಲಿ ಒಬ್ಬನ ಹತ್ತಿರ ಅಂಥವು ಬಂದಿವೆಯಂತೆ. ಕಳ್ಳಸಾಗಣೆಯವರಿಂದ ಹಿಡಿದು ಹರಾಜು ಹಾಕಿದ ಸಾಮಾನು. ಸಿಂದಗಿಯಲ್ಲಿ ಎರಡು ಪಂಪಿನ ಕೆಲಸವಿದೆ, ಅದನ್ನು ಮುಗಿಸಿ ಹೋಗುತ್ತೇನೆ.

ನಿನ್ನ
ಮೈಬೂಬ


ಇಂಡಿ
೧೨-೯-೧೯೭೬

ರಾಚಪ್ಪ,

ಎಂಜಿನ್ ಸಿಕ್ಕಿವೆ! ಜಪಾನಿನವು, ಹತ್ತು ಹಾರ್ಸ್‌ಪವರಿನ ಜೋಡಿ. ಎರಡನ್ನೂ ಗ್ಯಾರೇಜಿಗೆ ತಂದು ಪೂರ್ತಿ ಬಿಚ್ಚಿದೆ. ಪಿಸ್ಟನ್ನು, ರಿಂಗು, ನೀರು ತಳ್ಳುವ ಪಂಖ, ನೀರು ಎಳೆಯುವ ಪಂಪು, ಒಂದೊಂದನ್ನೂ ಅಪ್ಪನ ಕೈಗೆ ಕೊಟ್ಟೆ. ಅವರು ಬೆರಳಾಡಿಸಿ ಹೂಂ ಎಂದ ಮೇಲೆಯೇ ಮರಳಿ ಕಟ್ಟಿದ್ದು.

ಇನ್ನು ನಡೆಸಿ ನೋಡಬೇಕಲ್ಲ? ಇಂಡಿಯಲ್ಲಿ ಸಮುದ್ರ ಎಲ್ಲಿ ತರಲಿ? ಪರಪ್ಪಗೌಡರ ಲಿಂಬೆ ತೋಟದಲ್ಲಿ ಹೊಸ ನೀರಿನ ಟಾಕಿ ಕಟ್ಟಿಸಿದ್ದಾರೆ, ಎದೆಮಟ್ಟ ನೀರು. ಅದರ ಗೋಡೆಗೆ ಹಲಗೆ ಬಿಗಿದು ಎಂಜಿನ್ ತೂಗುಹಾಕಿ ಹಗ್ಗ ಎಳೆದೆ. ಅಯ್ಯಯ್ಯಪ್ಪ! ಟಾಕಿಯ ಅರ್ಧ ನೀರು ನೋಡುತ್ತ ನಿಂತವರ ಮೈಮೇಲೆ. ಪರಪ್ಪಗೌಡರು ಧೋತರ ಹಿಂಡಿಕೊಳ್ಳುತ್ತ, "ಇದು ನೀರ ಎತ್ತಂಗಿಲ್ಲ, ಬರೇ ಕಲಕತೈತಿ. ಎದಕ್ಕ ಬಂತೋ ಇದು?" ಎಂದರು. ಹುಚ್ಚವ್ವ ಎಂಬ ಆಳುಮಗಳು ಹೆದರಿ ಲಿಂಬೆಯ ಬುಟ್ಟಿ ಚೆಲ್ಲಿ ಓಡಿದಳು. ಎರಡು ತಾಸು ನಡೆಸಿದೆ, ಎರಡೂ ಒಂದು ಸಲವೂ ಕೆಮ್ಮಲಿಲ್ಲ.

ಈಗ ನಗು ಬಿಟ್ಟು ಕೇಳು. ಸೊಲ್ಲಾಪುರದ ಅಂಗಡಿಯಲ್ಲಿ ಅಮೀನುದ್ದೀನ ಅಂತ ಒಬ್ಬ ಮುದುಕ ಇದ್ದಾನೆ, ಕೊಂಕಣದ ಕಡೆ ಹತ್ತು ವರ್ಷ ಬೋಟು ನಡೆಸಿದವನು. ಅವನು ನನ್ನ ತೋಳು ಹಿಡಿದು ನಿಲ್ಲಿಸಿ ಹೇಳಿದ್ದು ಇದು. ಈ ಎಂಜಿನ್ ತಣ್ಣಗಿರಲು ಸಮುದ್ರದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಒಳಗಿನ ದಾರಿಗಳು ಬೆರಳೂ ಹೋಗದಷ್ಟು ಸಣ್ಣವು. ಉಪ್ಪು ಅಲ್ಲಿ ಕೂತರೆ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೆ ದಿನಾ ದಂಡೆಗೆ ಬಂದ ಮೇಲೆ ಎರಡನ್ನೂ ಸಿಹಿನೀರಿನ ಪೀಪಾಯಿಯಲ್ಲಿ ನಿಲ್ಲಿಸಿ ಹತ್ತು ಹತ್ತು ನಿಮಿಷ ನಡೆಸಬೇಕು. ಒಂದು ದಿನವೂ ತಪ್ಪಬಾರದು.

ನಾವು ಇಂಡಿ, ಹೊರ್ತಿ ಕಡೆಯವರು, ಮುಖ ತೊಳೆದ ನೀರನ್ನೂ ಗಿಡಕ್ಕೆ ಹಾಕಿ ಬೆಳೆದವರು. ನಿನಗೆ ಕೈ ಬರುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ತಪ್ಪಿಸಬೇಡ.

ಬಾಗೇವಾಡಿಯ ದಾವಲಮಲಿಕನ ಲಾರಿ ಹುಬ್ಬಳ್ಳಿಗೆ ಲಿಂಬೆ ಒಯ್ಯುತ್ತದೆ. ಅದರಲ್ಲೇ ಎಂಜಿನ್ ಹೇರಿದ್ದೇನೆ, ಹುಬ್ಬಳ್ಳಿಯಿಂದ ನೀನು ಇಳಿಸಿಕೋ. ಒಂದು ಚೀಲ ಲಿಂಬೆಹಣ್ಣು ನಿಮ್ಮ ಕೇರಿಗೆ.

ಮೈಬೂಬ


ತದಡಿ
೨೦-೧೦-೧೯೭೬

ಗೆಳೆಯ,

ಬೋಟು ನೀರಿಗಿಳಿಯಿತು. ಪೂಜೆಯ ದಿನ ದೊಡ್ಡ ಪ್ರಶ್ನೆ ಎದ್ದಿತು. ಲಾರಿಗಾದರೆ ಲಿಂಬೆಹಣ್ಣು ಗಾಲಿಯ ಕೆಳಗೆ ಇಡುತ್ತೇವೆ, ಬೋಟಿಗೆ ಎಲ್ಲಿ ಇಡುವುದು? ಕಡೆಗೆ ನಾನು ಎರಡು ಪಂಖಕ್ಕೂ ಒಂದೊಂದು ಹಣ್ಣು ಚುಚ್ಚಿ ಹಗ್ಗ ಎಳೆದೆ. ಹಣ್ಣು ಹಾರಿ ಜಟ್ಟಿಯ ಹಣೆಗೆ ಬಡಿಯಿತು. ಕೇರಿಗೆ ಕೇರಿಯೇ ಬಿದ್ದು ಬಿದ್ದು ನಕ್ಕಿತು. ಈಗ ಎಲ್ಲರ ಊಟದಲ್ಲೂ ಇಂಡಿಯ ಲಿಂಬೆ.

ಎಂಜಿನ್ ಬಗ್ಗೆ ಏನು ಹೇಳಲಿ? ನಿನ್ನ ಕೈ ಬಂಗಾರದ್ದು. ಜಟ್ಟಿ ಚುಕ್ಕಾಣಿ ಹಿಡಿದು, "ನಿನ್ ದೋಸ್ತನ್ನ ಒಂದ್ಸಲ ಕರ್ಕೊಂಡು ಬಾ ಮಾರಾಯ, ಕಾಲು ಮುಟ್ತೆ" ಎನ್ನುತ್ತಾನೆ. ನನಗೂ ಈಜು ಬಂದಿದೆ ಎಂದು ಉಸ್ತಾದರಿಗೆ ಹೇಳು. ಬರುತ್ತದೆ ಅಂದರೆ, ಮುಳುಗುವುದಿಲ್ಲ.

ಒಂದೇ ಸಂಕಟ ಆ ಪೀಪಾಯಿಯದು. ಸಿಹಿನೀರಿನ ಬಾವಿ ಗುಡ್ಡದ ಮೇಲಿದೆ, ಅರವತ್ತೆರಡು ಮೆಟ್ಟಿಲು. ಜಟ್ಟಿಯ ಹೆಂಡತಿ ಮಾದೇವಿ ದಿನಾ ಸಂಜೆ ಎಂಟು ಕೊಡ ಹೊತ್ತು ತಂದು ಪೀಪಾಯಿ ತುಂಬಿಸುತ್ತಿದ್ದಳು. ನಮ್ಮವ್ವನ ನೆತ್ತಿ ನಿನಗೆ ನೆನಪಿದೆಯಲ್ಲ? ಕೊಡದ ಸಿಂಬಿ ಕೂತು ಕೂತು ಅಂಗೈಯಗಲ ಕೂದಲೇ ಸವೆದಿದೆ. ಈ ಹೆಂಗಸಿಗೂ ಹಾಗೆಯೇ ಆಗುತ್ತಿರುವುದನ್ನು ಕಣ್ಣಾರೆ ಕಂಡೆ. ಹೊತ್ತು ತಂದ ಆ ನೀರನ್ನು ಎಂಜಿನ್ನಿಗೆ ಕುಡಿಸಿ ಮರಳಿನ ಮೇಲೆ ಚೆಲ್ಲುವುದು! ನಾಲ್ಕನೆಯ ದಿನ ನನಗೆ ಊಟ ಸೇರಲಿಲ್ಲ.

ಉಪಾಯ ಸಿಕ್ಕಿತು. ಅಘನಾಶಿನಿ ಹೊಳೆ ಇಲ್ಲಿಯೇ ಸಮುದ್ರ ಸೇರುತ್ತದೆ. ಮಳೆಗಾಲದ ನೀರು ಇನ್ನೂ ಹರಿಯುತ್ತಿದೆ, ನಾನೇ ಬೊಗಸೆಯಲ್ಲಿ ಕುಡಿದು ನೋಡಿದೆ, ಸಿಹಿ ಇದೆ. ಬೋಟನ್ನು ಸ್ವಲ್ಪ ಮೇಲಕ್ಕೆ ಒಯ್ದು ಹೊಳೆಯಲ್ಲೇ ಎಂಜಿನ್ ತೊಳೆಯುತ್ತೇನೆ. ಇನ್ನು ಕೊಡ ಹೊರಬೇಡ ಎಂದು ಮಾದೇವಿಗೆ ಹೇಳಿದೆ. ಜಟ್ಟಿ ಆ ಹೊತ್ತಿಗೆ ಮೀನಿನ ಹರಾಜಿಗೆ ಹೋಗಿರುತ್ತಾನೆ, ಅವನಿಗೆ ಹೇಳುವ ಪ್ರಸಂಗ ಬರಲಿಲ್ಲ.

ನಿನ್ನ
ರಾಚಪ್ಪ


ಇಂಡಿ
೨೮-೧೧-೧೯೭೬

ರಾಚಪ್ಪ,

ಲಿಂಬೆಹಣ್ಣಿನ ಕತೆ ಕೇಳಿ ಅಪ್ಪ ಕೆಮ್ಮುವವರೆಗೂ ನಕ್ಕರು. ಹೊರ್ತಿಗೆ ಹೋಗಿ ನಿಮ್ಮವ್ವ ಹೊನ್ನವ್ವ ಕಾಕುವಿಗೂ ಹೇಳಿದೆ. "ನನ್ನ ಮಗ ಮಂದೀನ ದಂಡಿಗೆ ಮುಟ್ಟಸ್ತಾನಲ್ಲ, ಪುಣ್ಯದ ಕೆಲಸ" ಎಂದು ಹೊನ್ನವ್ವ ಕಾಕು ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಾನು ಮೀನಿನ ಸುದ್ದಿ ತೆಗೆಯದೆ ಕಡಲೆಹಿಟ್ಟಿನ ಉಂಡಿ ತಿಂದು ಬಂದೆ. ಆ ಪಾಪದಲ್ಲಿ ಅರ್ಧ ನಿನ್ನದು.

ಹೊಳೆ ನೀರಿನ ಮಾತು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿದೆ. ಸಮುದ್ರ ಸೇರುವ ಬಾಯಲ್ಲಿ ಹೊಳೆ ಎಷ್ಟು ದಿನ ಸಿಹಿ ಇರುತ್ತದೆ? ನನಗೆ ತಿಳಿಯದು. ನಾನು ಇಂಡಿಯ ಭೀಮೆ, ಮುದ್ದೇಬಿಹಾಳದ ಕೃಷ್ಣೆ ಬಿಟ್ಟರೆ ಬೇರೆ ಹೊಳೆ ಕಂಡವನಲ್ಲ. ನಮಗೆ ಹೊಳೆ ಅಂದರೆ ಸಿಹಿಯೇ. ಅದು ಅಲ್ಲಿಗೂ ಸರಿಯೋ ಏನೋ. ಜಟ್ಟಿ ಅಲ್ಲಿಯೇ ಹುಟ್ಟಿದವನು, ಒಂದು ಮಾತು ಕೇಳು. ಕೇಳಿ ನನಗೆ ಬರೆ.

ಮೈಬೂಬ


ತದಡಿ
೧೯-೧-೧೯೭೭

ಮೈಬೂಬ,

ಕೈ ಬಿಡುವಿಲ್ಲ, ಹೀಗಾಗಿ ನಾಲ್ಕೇ ಸಾಲು. ಬಂಗಡೆ ಚೆನ್ನಾಗಿ ಬೀಳುತ್ತಿದೆ. ಎಂಜಿನ್ ಎರಡೂ ನಡೆಯುತ್ತಿವೆ. ನೀರಿನ ವಿಷಯ ನೀನು ತಲೆ ಕೆಡಿಸಿಕೊಳ್ಳಬೇಡ. ಸಂಕ್ರಾಂತಿಗೆ ಮಾದೇವಿ ಎಳ್ಳಿನುಂಡೆ ಮಾಡಿದ್ದಳು, ನಮ್ಮ ಕಡೆಯ ರುಚಿ ಇಲ್ಲ.

ಉಸ್ತಾದರಿಗೆ ನಮಸ್ಕಾರ.

ರಾಚಪ್ಪ


ತದಡಿ
೨೪-೨-೧೯೭೭

ಮೈಬೂಬ,

ಹೇಗೆ ಬರೆಯಲಿ ತಿಳಿಯದು. ಹೋದ ಗುರುವಾರ ಬೋಟು ಬಂಡೆಗೆ ಬಡಿಯಿತು.

ತಿರುಗಿ ಬರುತ್ತಿದ್ದೆವು. ಹೊಳೆಯ ಬಾಯಿ, ಇಲ್ಲಿ ಅಳಿವೆ ಎನ್ನುತ್ತಾರೆ, ಕಾಣುತ್ತಿತ್ತು. ಮಧ್ಯಾಹ್ನದ ಗಾಳಿ ಎದ್ದು ಅಲೆ ದೊಡ್ಡದಾಗಿತ್ತು. ಬಲಗಡೆಯ ಎಂಜಿನ್ ಸುಟ್ಟ ವಾಸನೆ ಬಿಟ್ಟು ನಿಂತಿತು. ಜಟ್ಟಿ ತಿರುಗಿ ನನ್ನ ಮುಖ ನೋಡಿದ. "ಇನ್ನೊಂದ ಐತಲ್ಲ, ಮುಟ್ಟಸತೈತಿ" ಎಂದೆ. ಕಾಲು ತಾಸೂ ಆಗಲಿಲ್ಲ, ಎಡಗಡೆಯದೂ ಹಾಗೆಯೇ ನಿಂತಿತು. ಹಗ್ಗ ಎಳೆದೆ, ಎಳೆದೆ, ಅಂಗೈ ಸುಲಿಯಿತು. ಪಿಸ್ಟನ್ ಅಲ್ಲಾಡದಂತೆ ಹಿಡಿದು ಹೋಗಿತ್ತು, ಎರಡರದೂ.

ಬೋಟು ಅಡ್ಡ ತಿರುಗಿತು. ಬಂಡೆಗೆ ಬಡಿಯದಿರಲಿ ಎಂದು ಜಟ್ಟಿ ಗಳ ಊರಿ ತಳ್ಳಲು ಹೋದ. ಅಲೆ ಎತ್ತಿ ಹಾಕಿತು. ಅವನ ಬಲಗಾಲು ಬೋಟಿಗೂ ಬಂಡೆಗೂ ನಡುವೆ ಸಿಕ್ಕಿತು. ದೊಡ್ಡಾಸ್ಪತ್ರೆಗೆ ಒಯ್ದೆವು. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಜೀವ ಉಳಿದಿದೆ. ಬಲಗಡೆಯ ಎಂಜಿನ್ ಸಮುದ್ರದ ಪಾಲು. ಎಡಗಡೆಯದು ಇದೆ. ಬೋಟನ್ನು ದಂಡೆಗೆ ಎಳೆದು ತಂದಿದ್ದೇವೆ, ಹಲಗೆ ಒಡೆದಿವೆ, ಎಲುಬು ಉಳಿದಿದೆ.

ಎಚ್ಚರ ಬಂದ ಮೇಲೆ ಅವನು ಆಡಿದ ಮೊದಲ ಮಾತು, "ಎರಡೂ ಒಟ್ಟಿಗೆ ಹೆಂಗೆ ನಿಂತ್ವು? ನಿನ್ ದೋಸ್ತ ಹಾಳು ಎಂಜಿನ್ ಕಳಿಸಿದ."

ನಾನು ಏನೂ ಹೇಳಲಿಲ್ಲ.

ರಾಚಪ್ಪ


ಇಂಡಿ
೬-೩-೧೯೭೭

ರಾಚಪ್ಪ,

ಕಾಗದ ಓದಿದಾಗಿನಿಂದ ಪಾನಾ ಮುಟ್ಟಿಲ್ಲ. ನಾನೇ ಆರಿಸಿದ ಎಂಜಿನ್, ನಾನೇ ಬಿಚ್ಚಿ ಕಟ್ಟಿದ್ದು. ಎರಡರಲ್ಲೂ ಒಂದೇ ತಪ್ಪು ಮಾಡಿರಬೇಕು. ರಿಂಗು ಬಿಗಿಯಾಯಿತೇ? ನೀರಿನ ಪಂಪಿನ ರಬ್ಬರು ಹಳತಾಗಿತ್ತೇ? ಹರಾಜಿನ ಸಾಮಾನು ಎಂದು ನಾನು ಹಿಂದೆ ಸರಿಯಬೇಕಿತ್ತು. ಒಬ್ಬನ ಕಾಲು ತೆಗೆದೆನಲ್ಲೋ!

ನಿನ್ನೆ ಪರಪ್ಪಗೌಡರ ಪಂಪು ಕೆಟ್ಟಿತ್ತು, ಹೋಗಲಿಲ್ಲ. ಬೇರೆಯವರನ್ನು ಕರೆಯಿರಿ ಎಂದುಬಿಟ್ಟೆ. ಅಪ್ಪ ಒಂದೇ ಮಾತು ಹೇಳಿದರು, "ಮದಲ ಬಿಚ್ಚಿ ನೋಡು. ನೋಡದ ಅಳಬ್ಯಾಡ."

ಉಳಿದಿರುವ ಎಂಜಿನ್ನನ್ನು ಹುಬ್ಬಳ್ಳಿಗೆ ಮುಟ್ಟಿಸು. ದಾವಲಮಲಿಕ ತರುತ್ತಾನೆ. ತಪ್ಪು ಎಲ್ಲಿ ಎಂದು ನನಗೆ ತಿಳಿಯಲೇಬೇಕು.

ಮೈಬೂಬ


ತದಡಿ
೧೫-೩-೧೯೭೭

ಮೈಬೂಬ,

ಎಂಜಿನ್ ಕಳಿಸಿದ್ದೇನೆ. ನೀನು ನಿನ್ನನ್ನು ಅಷ್ಟೊಂದು ಬೈದುಕೊಳ್ಳಬೇಡ. ಯಂತ್ರ ಅಂದಮೇಲೆ ಕೆಡುತ್ತದೆ.

ಜಟ್ಟಿಯನ್ನು ಮನೆಗೆ ಕರೆತಂದಿದ್ದೇವೆ.

ರಾಚಪ್ಪ


ಇಂಡಿ
೨-೪-೧೯೭೭

ಜಟ್ಟಿಯಣ್ಣನವರಿಗೆ ಇಂಡಿಯ ಮೈಬೂಬನ ಸಲಾಂ.

ನೀವು ನನ್ನನ್ನು ಕಂಡಿಲ್ಲ. ಎಂಜಿನ್ ಕಳಿಸಿದವನು ನಾನೇ. ಎಂಜಿನ್ ನನ್ನ ಗ್ಯಾರೇಜಿಗೆ ಬಂತು, ಬಿಚ್ಚಿ ನೋಡಿದೆ. ತಪ್ಪು ನನ್ನದು. ರಾಚಪ್ಪನದಲ್ಲ. ಅವನು ನಾನು ಹೇಳಿದ ಹಾಗೆಯೇ ದಿನಾ ಸಿಹಿನೀರು ಕುಡಿಸಿದ್ದಾನೆ, ಒಂದು ದಿನವೂ ತಪ್ಪಿಸಿಲ್ಲ. ಕೆಲಸ ಕೆಡಿಸಿದವನು ನಾನು. ನಿಮ್ಮ ಕಾಲು ಹೋದದ್ದು ನನ್ನ ಕೈಯಿಂದ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಶಾಪ ಹಾಕುವುದಿದ್ದರೆ ನನಗೆ ಹಾಕಿ. ರಾಚಪ್ಪನನ್ನು ಮಾತ್ರ ಎಂದಿನಂತೆ ನಿಮ್ಮ ಮನೆಯ ಊಟಕ್ಕೆ ಕೂರಿಸಿಕೊಳ್ಳಿ.

ನಿಮ್ಮ ತಪ್ಪಿತಸ್ಥ
ಮೈಬೂಬ ಮಶಾಕಸಾಬ


ತದಡಿ
೧೪-೪-೧೯೭೭

ಮೈಬೂಬ,

ನಿನ್ನ ಕಾಗದವನ್ನು ಜಟ್ಟಿಗೆ ಓದಿ ಹೇಳಿದವನು ನಾನು. ಬೇರೆ ಯಾರು ಓದಬೇಕು?

ಹೊರಜಗಲಿಯಲ್ಲಿ ಅವನು ಕಂಬಕ್ಕೆ ಒರಗಿ ಬಲೆ ಹೆಣೆಯುತ್ತಿದ್ದ. ಮಾದೇವಿ ಬಾಗಿಲಲ್ಲಿ ನಿಂತಿದ್ದಳು. "ಒಂದು ದಿನವೂ ತಪ್ಪಿಸಿಲ್ಲ" ಎಂಬಲ್ಲಿಗೆ ಬಂದಾಗ ಓದು ನಿಲ್ಲಿಸಿದೆ. "ಮುಂದೆ ಓದು" ಎಂದ. ಓದಿದೆ. ನಿನ್ನ ಶಾಪದ ಮಾತನ್ನೂ ಓದಿದೆ. ಎಲ್ಲ ಕೇಳಿ ಅವನು, "ಮನುಷ್ಯ ಒಳ್ಳೆಯವ್ನೇ, ಆದ್ರೆ ಕೈ ಹಾಳು" ಎಂದು ಮತ್ತೆ ಬಲೆ ಹಿಡಿದ. ನಾನು ಎದ್ದು ದಂಡೆಗೆ ಹೋಗಿ ಈ ಕಾಗದ ಬರೆಯಲು ಕೂತೆ.

ಈಗ ಕೇಳು. ನಿನ್ನ ಕೈ ಹಾಳಲ್ಲ. ಹಾಳಾದದ್ದು ನನ್ನ ಬಾಯಿ.

ನವೆಂಬರಿನಲ್ಲಿ ನೀನು ಜಟ್ಟಿಯನ್ನು ಕೇಳು ಎಂದು ಬರೆದೆ. ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾನೆ ಎಂಬುದು ನನಗೆ ಒಳಗೊಳಗೇ ಗೊತ್ತಿತ್ತು. ಜನವರಿಯಲ್ಲಿ ಒಂದು ಸಂಜೆ ಹೊಳೆಯಲ್ಲಿ ಬಾಯಿ ಮುಕ್ಕಳಿಸಿದೆ. ಉಪ್ಪು. ಥೂ ಎಂದು ಉಗುಳಿದೆ. ಉಗುಳಿ ಅದೇ ನೀರಿನಲ್ಲಿ ಎಂಜಿನ್ ನಡೆಸಿದೆ. ಮರುದಿನವೂ ನಡೆಸಿದೆ. ಬರಬರುತ್ತ ಅದನ್ನೂ ಬಿಟ್ಟೆ. ಹೇ, ಉಪ್ಪಿನ ನೀರಿನಲ್ಲಿ ತೊಳೆದು ಏನು ಬಂತು ಎಂದುಕೊಂಡೆ. ಸಂಜೆ ಜಟ್ಟಿ "ಎಂಜಿನ್ ತೊಳೆದ್ಯಾ?" ಎಂದರೆ "ಹೂಂ" ಎನ್ನುತ್ತಿದ್ದೆ. ಒಂದು ದಿನವಲ್ಲ ಮೈಬೂಬ, ಐದು ವಾರ.

ಎಂಟು ಕೊಡ ನೀರು ತರುವಂತೆ ಆ ಹೆಂಗಸಿಗೆ ಮತ್ತೆ ಹೇಳಲು ಮನಸ್ಸು ಬರಲಿಲ್ಲ. ಇದನ್ನು ದೊಡ್ಡತನ ಎಂದು ಬರೆಯುತ್ತಿಲ್ಲ. ನಾನೇ ಹೊತ್ತು ತರಬಹುದಿತ್ತಲ್ಲ? ಅದು ನನಗೆ ಹೊಳೆಯಲೇ ಇಲ್ಲ. ಗಂಡಸು ತಲೆಯ ಮೇಲೆ ಕೊಡ ಹೊತ್ತದ್ದನ್ನು ಹೊರ್ತಿಯಲ್ಲಿ ನಾನು ನೋಡಿಯೇ ಇಲ್ಲ. ಅವ್ವನ ನೆತ್ತಿ ನೋಡಿ ಮರುಗಿದ್ದೇ ಬಂತು, ಒಂದು ದಿನ ಅವಳ ಕೊಡ ಇಸಿದುಕೊಳ್ಳಲಿಲ್ಲ.

ಎರಡು ಎಂಜಿನ್ ತಗೊ, ಒಂದು ಕೈಕೊಟ್ಟರೆ ಇನ್ನೊಂದು ಎಂದಿರಿ ನೀನೂ ಉಸ್ತಾದರೂ. ಎರಡನ್ನೂ ಕೆಡಿಸುವ ಕೈ ಒಂದೇ ಇದ್ದರೆ ಎರಡಿದ್ದು ಏನು ಪ್ರಯೋಜನ?

ಅವನು ನಿನ್ನನ್ನು ಬೈದಾಗ ಸುಮ್ಮನಿದ್ದೆ. ನೀನು ನಿನ್ನನ್ನೇ ಬೈದುಕೊಂಡಾಗಲೂ ಸುಮ್ಮನಿದ್ದೆ. "ಯಂತ್ರ ಅಂದಮೇಲೆ ಕೆಡುತ್ತದೆ" ಎಂದು ಬರೆದ ಕೈ ಇದೇ. ನನ್ನನ್ನು ಕ್ಷಮಿಸು ಎನ್ನಲು ನಾಚಿಕೆಯಾಗುತ್ತದೆ.

ರಾಚಪ್ಪ


ಇಂಡಿ
೨೩-೪-೧೯೭೭

ರಾಚಪ್ಪ,

ಕಡೆಗೂ ಬರೆದೆ.

ಎಂಜಿನ್ ಬಂದ ದಿನವೇ ಬಿಚ್ಚಿದೆ. ತಲೆಯ ಬೋಲ್ಟು ಸಡಿಲಿಸಿ ಮುಚ್ಚಳ ತೆಗೆದರೆ ನೀರಿನ ದಾರಿಯೇ ಕಾಣಲಿಲ್ಲ, ಬಿಳಿ ಗಾರೆ ಮೆತ್ತಿದ ಹಾಗಿತ್ತು. ಅಪ್ಪನ ಕಣ್ಣಿಗೆ ಅದೇನು ಕಾಣಬೇಕು? ಬೆರಳು ಹಾಕಿ ಕೆರೆದು ನಾಲಿಗೆಗೆ ಹಚ್ಚಿಕೊಂಡರು. ಆಮೇಲೆ, "ಇದರಾಗ ಸಮುದ್ರನ ಐತಲ್ಲೋ. ಸಿಹಿನೀರ ಕಂಡ ಎಂಜಿನ್ ಅಲ್ಲ ಇದು" ಎಂದರು.

ನಾನು ಸಿಟ್ಟಿನಲ್ಲಿ ಆಗಲೇ ನಿನಗೆ ಬರೆಯಲು ಕೂತೆ. ಅಪ್ಪ ಕೈ ಹಿಡಿದರು. "ತಡಿ. ಅಂವ ಹೇಳ್ತಾನ. ನಾ ಕೆಲಸ ಕಲಿಸಿದಾಂವ ಅಂವ" ಎಂದರು. ನೀನು ಹೇಳಲಿಲ್ಲ. ದಿನಾ ಬೆಳಗ್ಗೆ ಪೋಸ್ಟಮನ್ನನ ಸೈಕಲ್ ಗಂಟೆ ಕೇಳಿದರೆ, "ರಾಚ್ಯಾನ ಕಾಗದ ಬಂತೇನು?" ಎಂದು ಕೇಳುತ್ತಿದ್ದರು. ಇಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಯಿತು.

ಆಗ ಜಟ್ಟಿಯಣ್ಣನಿಗೆ ಆ ಕಾಗದ ಬರೆದೆ. ಅದು ನಿನ್ನ ಮೇಲಿನ ದಯೆ ಎಂದು ತಿಳಿಯಬೇಡ. ಅರ್ಧ ಇರಬಹುದು. ನಾನು ದೂರದಲ್ಲಿದ್ದೇನೆ, ಬೈಗುಳ ಇಲ್ಲಿಗೆ ಮುಟ್ಟುವುದಿಲ್ಲ. ನೀನು ಅವರ ನಡುವೆ ಬಾಳಬೇಕು. ಇನ್ನರ್ಧ ಸಿಟ್ಟು. ಅವನಿಗೆ ಓದಲು ಬರುವುದಿಲ್ಲ ಎಂದು ನೀನೇ ಮೊದಲ ಕಾಗದದಲ್ಲಿ ಬರೆದಿದ್ದೆ. ಆ ಸುಳ್ಳನ್ನು ನಿನ್ನ ಬಾಯಿಂದಲೇ ಓದಿಸಬೇಕು ಅನ್ನಿಸಿತು. ಓದಿಸಿದೆ. ಈಗ ನೋಡಿದರೆ ಅದೂ ಒಳ್ಳೆಯ ಕೆಲಸವಲ್ಲ. ಕಾಲು ಕಳೆದುಕೊಂಡವನಿಗೆ ನಾನೂ ಒಂದು ಸುಳ್ಳು ಹೇಳಿದ ಹಾಗಾಯಿತು.

ಎಂಜಿನ್ ಕೆರೆದು ತೊಳೆದು ಹೊಸ ಪಿಸ್ಟನ್ ಹಾಕಿದ್ದೇನೆ. ಪರಪ್ಪಗೌಡರ ಟಾಕಿಯಲ್ಲಿ ನಡೆಸಿಯೂ ನೋಡಿದೆ. ಲಾರಿಗೆ ಹೇರುವುದೊಂದೇ ಬಾಕಿ. ಆದರೆ ನೀನು ನನಗೆ ಬರೆದದ್ದು ಸಾಲದು. ಜಟ್ಟಿಯಣ್ಣನ ಮುಂದೆ ಕೂತು ಹೇಳು. ಹೇಳಿದ ದಿನ ಬರೆ, ಮರುದಿನ ಕಳಿಸುತ್ತೇನೆ. ಅಲ್ಲಿಯವರೆಗೆ ಅದು ಇಂಡಿಯಲ್ಲೇ ಇರುತ್ತದೆ.

ನಿನ್ನ ಕಾಗದ ಬಂತು ಎಂದು ಹೇಳಿದೆ. ಏನು ಬರೆದಿದ್ದಾನೆ ಎಂದು ಅಪ್ಪ ಕೇಳಲಿಲ್ಲ. ಚಹಾ ತರಿಸು ಎಂದರು.

ಮೈಬೂಬ


ತದಡಿ
೧೬-೫-೧೯೭೭

ಮೈಬೂಬ,

ಹೇಳಿದೆ.

ಹನ್ನೊಂದು ದಿನ ಬೇಕಾಯಿತು. ದಿನಾ ಅವನ ಎದುರು ಕೂರುತ್ತಿದ್ದೆ, ಊಟ ಮಾಡಿ ಏಳುತ್ತಿದ್ದೆ. ಹೋದ ಸೋಮವಾರ ಬೆಳಗ್ಗೆ ಮಾದೇವಿ ಬಡಿಸಲು ಬಂದಾಗ ತಾಟು ಹಿಂದಕ್ಕೆ ಸರಿಸಿ ಹೇಳಿಬಿಟ್ಟೆ. ಜನವರಿಯ ಉಪ್ಪು, ಉಗುಳಿದ್ದು, ಐದು ವಾರದ ಹೂಂ, ನಿನ್ನ ಸುಳ್ಳು ಕಾಗದ, ಎಲ್ಲ. ಜಟ್ಟಿ ಬಲೆ ಕೆಳಗಿಟ್ಟ. ನನ್ನನ್ನು ನೋಡಲಿಲ್ಲ, ತನ್ನ ಕಾಲು ಇದ್ದ ಜಾಗ ನೋಡಿದ.

ಆಗ ಮಾದೇವಿ ಮಾತಾಡಿದಳು. "ನಂಗೂ ಗೊತ್ತಿತ್ತು" ಎಂದಳು.

ನಾವಿಬ್ಬರೂ ತಿರುಗಿ ನೋಡಿದೆವು. ಅವಳು ಅನ್ನದ ಪಾತ್ರೆ ಹಿಡಿದುಕೊಂಡೇ ನಿಂತಿದ್ದಳು. "ಸಂಕ್ರಾಂತಿ ಹೊತ್ತಿಗೆ ಹೊಳೆ ಉಪ್ಪಾಗ್ತದೆ. ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಇವ್ರು ಅಲ್ಲೇ ತೊಳಿತ್ರು ಅಂತ ಗೊತ್ತಿದ್ದೂ ನಾ ಬಾಯಿ ಬಿಡ್ಲಿಲ್ಲ. ಬಿಟ್ರೆ ಮತ್ತೆ ಎಂಟು ಕೊಡ ಹೊರ್ಬೇಕಲ್ಲ. ಕುತ್ತಿಗೆ ನೋವು ಹೋಗಿತ್ತು ನಂದು" ಎಂದಳು. ಅಳಲಿಲ್ಲ. ನಾನು ಅತ್ತೆ.

ಜಟ್ಟಿ ಬಲೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡ. ಕಡೆಗೆ, "ನಿನ್ ದೋಸ್ತಗೆ ಬರಿ. ಅವ್ನ ಕೈಗೆ ನಾ ಬೈದದ್ದು ವಾಪಸ್ ತಗೊಂಡೆ ಅಂತ ಬರಿ. ನಿನ್ನ ಕ್ಷಮಿಸಿದೆ ಅಂತ ಬರೀಬೇಡ" ಎಂದ. ಅದಕ್ಕೇ ಬರೆಯುತ್ತಿಲ್ಲ.

ಊಟ ಹಾಕುವುದನ್ನು ಅವರು ನಿಲ್ಲಿಸಿಲ್ಲ. ಯಾರೂ ಮಾತಾಡುವುದಿಲ್ಲ, ಅಷ್ಟೇ.

ಮೂರನೆಯ ದಿನ ಜಟ್ಟಿ ಹೆಂಡತಿಯ ಕೊಡ, ಸಿಂಬಿ ಎರಡನ್ನೂ ತರಿಸಿ ನನ್ನ ಮುಂದೆ ಇಡಿಸಿದ. "ಎಂಟು. ದಿನಾ. ನೀನೇ" ಎಂದ. ಎಂಜಿನ್ ಇಲ್ಲವಲ್ಲ ಎಂದೆ. "ಎಂಜಿನ್ ಬರೋ ಮೊದ್ಲು ನೀನು ರೂಢಿ ಆಗು" ಎಂದ.

ಹೊರುತ್ತಿದ್ದೇನೆ. ಮೇ ತಿಂಗಳು, ಬಾವಿಯ ನೀರು ತಳ ಹಿಡಿದಿದೆ. ಮೊದಲ ದಿನ ಅರವತ್ತೆರಡು ಮೆಟ್ಟಿಲಲ್ಲಿ ಎರಡು ಕೊಡ ಚೆಲ್ಲಿದೆ. ಬಾವಿಕಟ್ಟೆಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಈಗ ನಗುವುದಿಲ್ಲ, ನಾನು ತುಂಬಿಟ್ಟ ಪೀಪಾಯಿಯಿಂದ ಬೆಳಗ್ಗೆ ಅವರೇ ತುಂಬಿಕೊಂಡು ಹೋಗುತ್ತಾರೆ. ಐದನೆಯ ಕೊಡಕ್ಕೆ ನೆತ್ತಿ ಉರಿಯಲು ಶುರುವಾಗುತ್ತದೆ. ಎಂಟನೆಯದಕ್ಕೆ ಕುತ್ತಿಗೆ ತಿರುಗುವುದಿಲ್ಲ. ಅವ್ವ ಮೂವತ್ತು ವರ್ಷ ಇದನ್ನು ಮಾಡಿದಳು. ಮಳೆ ಬೀಳುವುದರೊಳಗೆ ಒಮ್ಮೆ ಹೊರ್ತಿಗೆ ಬರುತ್ತೇನೆ. ಅವಳಿಗೂ ಹೇಳಬೇಕಾದದ್ದಿದೆ, ನೀನು ಜೊತೆಗಿರು. ಉಸ್ತಾದರ ಕಾಲಿಗೂ ಬೀಳಬೇಕು.

ಸಂಜೆ ಕಡೆಯ ಕೊಡ ಸುರಿದ ಮೇಲೆ ಜಟ್ಟಿ ಊರುಗೋಲು ಊರಿಕೊಂಡು ದಂಡೆಗೆ ಬರುತ್ತಾನೆ. ಪೀಪಾಯಿಯಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡುತ್ತಾನೆ. ದಿನಾ ನೋಡುತ್ತಾನೆ. ನನ್ನ ಮಾತು ಕೇಳಿ ನಂಬುವುದನ್ನು ಬಿಟ್ಟಿದ್ದಾನೆ, ನೋಡಿಯೇ ಹೋಗುತ್ತಾನೆ.

ನಿನ್ನೆ ನೋಡಿ, ಹೋಗುವಾಗ ತಿರುಗದೆಯೇ, "ಎಂಜಿನ್ ತರ್ಸು" ಎಂದ.

ಕಳಿಸು.

ರಾಚಪ್ಪ